ಲೋಡ್ ಹಾಕಿ ಟ್ಯೂನ್ ಮಾಡಿ

1/10

ಗ್ಯಾರೇಜಲ್ಲಿ ಟ್ಯೂನಿಂಗ್ ಮುಗಿದ ಮೇಲೆ ನೀವು ಏನು ನೋಡ್ತೀರ?

ಬಹಳಷ್ಟು ಜನ ಬಾನೆಟ್ ಹತ್ರ ನಿಂತು ಐಡ್ಲಿಂಗ್ ಕೇಳ್ತಾರೆ. ಎರಡು ಸಲ ರೇಸ್ ಕೊಟ್ಟು ನೋಡ್ತಾರೆ. ಎಂಜಿನ್ನು ಹೊಲಿಗೆ ಮಿಷನ್ ಥರ ಒಂದೇ ಸಮ ಓಡ್ತಿದ್ರೆ ಖುಷಿಯಾಗಿ ದುಡ್ಡು ಕೊಟ್ಟು ಹೊರಡ್ತಾರೆ. ಇನ್ನು ಕೆಲವರು ಊರೊಳಗೆ ಒಂದು ರೌಂಡ್ ಹೊಡೆದು ಬರ್ತಾರೆ. ಅಲ್ಲಿಗೆ ಪರೀಕ್ಷೆ ಮುಗೀತು.

ಈ ಸರಣಿಯಲ್ಲಿ ನಾನು ಹೇಳೋಕೆ ಹೊರಟಿರೋದು ಒಂದೇ ವಿಷಯ. ನಿಂತ ಗಾಡಿಯ ಎಂಜಿನ್ ಕೊಡೋ ಉತ್ತರ ನಿಂತ ಗಾಡಿಗೆ ಮಾತ್ರ ಸರಿ. ಆ ಗಾಡಿ ದಿನಾ ದುಡಿಯೋ ರಸ್ತೆಯಲ್ಲಿ, ದಿನಾ ಹೊರೋ ಭಾರದ ಜೊತೆ ಅಳತೆ ಮಾಡಿ ನೋಡದೆ ಟ್ಯೂನಿಂಗ್ ಮುಗೀತು ಅನ್ನೋ ಹಾಗಿಲ್ಲ.

ಹೊಸದಾಗಿ ಬಂದವರಿಗೆ: ನಮ್ಮದು ಹಾಸನದಲ್ಲೊಂದು ಸಣ್ಣ ವರ್ಕ್‌ಶಾಪ್. ಸ್ಕ್ರೂಡ್ರೈವರ್ ಹಿಡಿದು ಟ್ಯೂನ್ ಮಾಡೋ ಹಳೇ ಕಾರ್ಬೊರೇಟರ್ ಗಾಡಿಗಳೂ ಬರ್ತವೆ, ಲ್ಯಾಪ್‌ಟಾಪ್ ಜೋಡಿಸಿ ಟ್ಯೂನ್ ಮಾಡೋ ಇಸಿಯು ಗಾಡಿಗಳೂ ಬರ್ತವೆ. ಇಲ್ಲಿಂದ ಪಶ್ಚಿಮಕ್ಕೆ ಸಕಲೇಶಪುರ, ಅದನ್ನ ದಾಟಿದ್ರೆ ಶಿರಾಡಿ ಘಾಟ್. ನಮ್ಮ ಗಿರಾಕಿಗಳಲ್ಲಿ ಅರ್ಧಕ್ಕರ್ಧ ಜನ ವಾರಕ್ಕೊಮ್ಮೆಯಾದ್ರೂ ಆ ಘಾಟ್ ಇಳಿದು ಹತ್ತೋರು. ಹಾಗಾಗಿ ಎಂಜಿನ್ ಮೇಲೆ ಬೀಳೋ ಭಾರ ಅನ್ನೋದು ನಮಗೆ ಪುಸ್ತಕದ ವಿಷಯ ಆಗಿ ಉಳಿದಿಲ್ಲ.

ಮೊದಲ ಫೋಟೋ ನೋಡಿ. ಅದೊಂದು ಪಿಸ್ಟನ್. ಮೇಲಿನ ಎರಡು ರಿಂಗ್‌ಗಳ ನಡುವಿನ ದಂಡೆ ಮುರಿದು ಹೋಗಿದೆ. ಪಿಸ್ಟನ್ ತಲೆಯ ಅಂಚು ಗೆದ್ದಲು ತಿಂದ ಮರದ ಹಾಗೆ ಸಣ್ಣ ಸಣ್ಣ ಗುಂಡಿ ಬಿದ್ದಿದೆ. ಮುರಿಯೋ ಹಿಂದಿನ ದಿನದವರೆಗೂ ಈ ಎಂಜಿನ್ನಿನ ಐಡ್ಲಿಂಗಲ್ಲಿ ಒಂದು ಚೂರು ನಡುಕ ಇರಲಿಲ್ಲವಂತೆ.

ಅದು ಹೇಗೆ ಸಾಧ್ಯ ಅಂತ ಮುಂದೆ ನೋಡೋಣ.

2/10

ಆ ಪಿಸ್ಟನ್ ಒಂದು ಹಳದಿ ಬೋರ್ಡ್ ಆಮ್ನಿಯದ್ದು. ಕಾರ್ಬೊರೇಟರ್ ಮಾಡೆಲ್, ಮೂರು ಸಿಲಿಂಡರ್, 796 ಸಿಸಿ. ಗಾಡಿಯವರು ಸಕಲೇಶಪುರ ತಾಲ್ಲೂಕಿನವರು, ಐವತ್ತು ದಾಟಿದೆ. ಹೆಸರು ಹಾಕೋದು ಬೇಡ ಅಂದಿದ್ದಾರೆ, ಅಣ್ಣ ಅಂತಲೇ ಕರೀತೀನಿ.

ವಾರದ ದಿನ ತೋಟದ ಕಡೆಯಿಂದ ಪೇಟೆಗೆ ಜನ ಕರ್ಕೊಂಡು ಬರ್ತಾರೆ. ಭಾನುವಾರ, ಹಬ್ಬದ ದಿನ ಕುಕ್ಕೆ ಸುಬ್ರಹ್ಮಣ್ಯಕ್ಕೆ ಬಾಡಿಗೆ. ಬೆಳಿಗ್ಗೆ ಘಾಟ್ ಇಳಿದು ಗುಂಡ್ಯದ ಮೇಲೆ ಹೋಗೋದು, ಸಂಜೆ ಅದೇ ದಾರಿಯಲ್ಲಿ ಗಾಡಿ ತುಂಬ ಜನ ಕೂರಿಸ್ಕೊಂಡು ಹತ್ತೋದು.

ಮೈಲೇಜ್ ಕಮ್ಮಿ ಆಯ್ತು ಅಂತ ಒಂದು ಕಡೆ ತೋರಿಸಿದ್ರಂತೆ. ಅಲ್ಲಿ ಕಾರ್ಬೊರೇಟರ್‌ಗೆ ಸಣ್ಣ ಮೇನ್ ಜೆಟ್ ಹಾಕಿ, ಡಿಸ್ಟ್ರಿಬ್ಯೂಟರ್ ತಿರುಗಿಸಿ ಟೈಮಿಂಗ್ ಮುಂದಕ್ಕೆ ಕೊಟ್ಟಿದ್ದಾರೆ. ಯಾವ ಗ್ಯಾರೇಜು ಅಂತ ನಾನು ಕೇಳಲಿಲ್ಲ, ನಿಮಗೂ ಬೇಡ. ಈ ಕೆಲಸ ಎಲ್ಲಾ ಊರಲ್ಲೂ ನಡೆಯುತ್ತೆ.

"ಮೈಲೇಜೂ ಬಂತು, ಸ್ಲೋ ಸ್ಪೀಡೂ ಸೂಪರ್ ಆಗಿತ್ತು ಮೇಸ್ತ್ರಿ. ಘಾಟಲ್ಲಿ ಮಾತ್ರ ಟಿಣಿ ಟಿಣಿ ಅಂತ ಒಂದು ಸೌಂಡು. ಟ್ಯಾಪೆಟ್ ಇರ್ಬೇಕು ಅಂದ್ಕೊಂಡೆ."

ಮೂರು ತಿಂಗಳು ಹೀಗೇ ಓಡಿದೆ. ಆಮೇಲೆ ಒಂದು ಭಾನುವಾರ ಸಂಜೆ, ಮಳೆಯಲ್ಲಿ, ಘಾಟ್ ಅರ್ಧ ಹತ್ತಿದಾಗ ನೀಲಿ ಹೊಗೆ. ಎಳೆಯೋ ಶಕ್ತಿಯೇ ಹೋಯ್ತು. ಒಳಗೆ ಒಬ್ಬ ಅಜ್ಜಿ, ಎರಡು ಮಕ್ಕಳು ಸೇರಿ ಏಳು ಜನ. ಪಕ್ಕದಲ್ಲಿ ಸಾಲು ಸಾಲು ಟ್ಯಾಂಕರ್. ಇನ್ನೊಂದು ಗಾಡಿ ಬರೋವರೆಗೆ ಎರಡು ಗಂಟೆ ಅಲ್ಲೇ ನಿಂತಿದ್ರು.

ಎಂಜಿನ್ ಬಿಚ್ಚಿದಾಗ ಮೂರರಲ್ಲಿ ಎರಡು ಪಿಸ್ಟನ್ ಹೋಗಿದ್ವು. ಬೋರಿಂಗು, ಪಿಸ್ಟನ್ನು, ರಿಂಗು, ಗ್ಯಾಸ್ಕೆಟ್ಟು. ಗಾಡಿ ಮೂರು ವಾರ ನಿಂತರೆ ಮೂರು ವಾರ ಸಂಪಾದನೆ ಇಲ್ಲ. ಅವರ ಮನೆಯವರು ಸ್ತ್ರೀಶಕ್ತಿ ಸಂಘದಲ್ಲಿ ಸಾಲ ಎತ್ತಿದ್ರು. "ಇನ್ನೊಂದ್ಸಲ ಹಿಂಗಾದ್ರೆ ಗಾಡಿ ಮಾರೋದೇ," ಅಂದ್ರು ಅಣ್ಣ.

ಟ್ಯೂನಿಂಗ್ ಅನ್ನೋದು ಶೋಕಿ ಅಂತ ಅಂದ್ಕೊಂಡಿರೋರು ಇದನ್ನ ಇನ್ನೊಂದು ಸಲ ಓದಿ.

3/10

ಈಗ ಸ್ವಲ್ಪ ಲೆಕ್ಕ. ಭಯ ಬೇಡ, ಗುಣಾಕಾರ ಅಷ್ಟೇ.

ಖಾಲಿ ಆಮ್ನಿ, ಒಳಗೆ ಡ್ರೈವರ್ ಒಬ್ಬರೇ. ಒಟ್ಟು ತೂಕ ಸುಮಾರು 855 ಕೆಜಿ ಅಂತ ಇಟ್ಕೊಳ್ಳಿ. ಸಮತಟ್ಟು ರಸ್ತೆ, ಗಂಟೆಗೆ 40 ಕಿ.ಮೀ. ವೇಗ. ಟೈರ್ ಉರುಳೋಕೆ ಬೇಕಾದ ಬಲ ಸುಮಾರು 125 ನ್ಯೂಟನ್, ಗಾಳಿ ಸೀಳೋಕೆ ಸುಮಾರು 60. ಇಷ್ಟಕ್ಕೆ ಚಕ್ರದಲ್ಲಿ ಬೇಕಾಗೋ ಶಕ್ತಿ ಸುಮಾರು 2 ಕಿಲೋವ್ಯಾಟ್. ಮೂರು ಹಾರ್ಸ್‌ಪವರ್ ಕೂಡ ಇಲ್ಲ.

ಈಗ ಅದೇ ಗಾಡಿಗೆ ಜನ ಕೂರಿಸಿ. ತೂಕ 1250 ಕೆಜಿ. ರಸ್ತೆ ನೂರು ಮೀಟರ್‌ಗೆ ಆರು ಮೀಟರ್ ಏರುತ್ತೆ ಅಂತ ಇಟ್ಕೊಳ್ಳಿ. ವೇಗ ಅದೇ 40. ಟೈರಿಗೆ ಸುಮಾರು 185 ನ್ಯೂಟನ್, ಗಾಳಿಗೆ ಅದೇ 60. ಇದರ ಮೇಲೆ ಭೂಮಿ ಹಿಂದಕ್ಕೆ ಎಳೆಯೋ ಬಲ ಸುಮಾರು 735 ನ್ಯೂಟನ್. ಒಟ್ಟು ಸುಮಾರು 11 ಕಿಲೋವ್ಯಾಟ್.

ಸ್ಪೀಡೋಮೀಟರ್ ಮುಳ್ಳು ಒಂದೇ ಜಾಗದಲ್ಲಿದೆ. ಎಂಜಿನ್ ಮಾಡ್ತಿರೋ ಕೆಲಸ ಐದು ಪಟ್ಟು ಜಾಸ್ತಿ.

ಇಲ್ಲಿ ಒಂದು ಮಾತು ನೆನಪಲ್ಲಿ ಇಟ್ಕೊಳ್ಳಿ. ಲೋಡೇ ಬೇರೆ, ಸ್ಪೀಡೇ ಬೇರೆ. ಹೈವೇಯಲ್ಲಿ ನೂರರಲ್ಲಿ ಹೋಗ್ತಿರೋ ಖಾಲಿ ಕಾರಿನ ಎಂಜಿನ್‌ಗಿಂತ, ಮೂವತ್ತರಲ್ಲಿ ನಾಲ್ಕನೇ ಗೇರ್‌ನಲ್ಲೇ ಏರು ಎಳೀತಿರೋ ತುಂಬಿದ ಗಾಡಿಯ ಸಿಲಿಂಡರ್ ಒಳಗೆ ಒತ್ತಡ ಹೆಚ್ಚಿರಬಹುದು. ಗೇರ್ ಇಳಿಸದೆ "ಮೈಲೇಜ್ ಉಳಿಸ್ತೀನಿ" ಅಂತ ಎಳೆಸೋ ಅಭ್ಯಾಸ ನಮ್ಮ ಡ್ರೈವರ್‌ಗಳಲ್ಲಿ ಬಹಳ. ಆಗ ಆಕ್ಸಿಲರೇಟರ್ ಪೂರ್ತಿ ಕೆಳಗಿರುತ್ತೆ, ಎಂಜಿನ್ ತಿರುಗೋದು ನಿಧಾನ, ಒಳಗೆ ಮಿಶ್ರಣ ತುಂಬಿರುತ್ತೆ. ಟ್ಯೂನಿಂಗಲ್ಲಿ ತಪ್ಪಿದ್ರೆ ಅದು ಬಯಲಾಗೋದು ಇಲ್ಲೇ.

ಐಡ್ಲಿಂಗಲ್ಲಿ ಎಂಜಿನ್ ಹೊರಗೆ ಕೊಡೋ ಕೆಲಸ ಎಷ್ಟು? ಹತ್ತಿರ ಹತ್ತಿರ ಸೊನ್ನೆ. ತನ್ನನ್ನ ತಾನು ತಿರುಗಿಸ್ಕೊಂಡ್ರೆ ಸಾಕು. ಸೊನ್ನೆ ಲೋಡಲ್ಲಿ ಪಾಸಾದ ಮಾತ್ರಕ್ಕೆ ಐದು ಪಟ್ಟು ಲೋಡಲ್ಲಿ ಪಾಸಾಗುತ್ತೆ ಅಂತ ಯಾರು ಹೇಳಿದ್ದು?

4/10

ಹಾಗಾದ್ರೆ ಆ "ಟಿಣಿ ಟಿಣಿ" ಏನು?

ಸ್ಪಾರ್ಕ್ ಬಿದ್ದ ತಕ್ಷಣ ಸಿಲಿಂಡರ್ ಒಳಗಿನ ಪೆಟ್ರೋಲ್ ಎಲ್ಲ ಒಟ್ಟಿಗೆ ಉರಿಯಲ್ಲ. ಪ್ಲಗ್ ಹತ್ತಿರ ಹೊತ್ತಿದ ಬೆಂಕಿ ಒಣ ಹುಲ್ಲಿಗೆ ಹಚ್ಚಿದ ಹಾಗೆ ಅಂಚಿನ ಕಡೆ ಹರಡ್ತಾ ಹೋಗುತ್ತೆ. ಅದಕ್ಕೆ ಸಮಯ ಬೇಕು. ಹಾಗಾಗಿ ಪಿಸ್ಟನ್ ಮೇಲೆ ತಲುಪೋಕೆ ಸ್ವಲ್ಪ ಮೊದಲೇ ಸ್ಪಾರ್ಕ್ ಕೊಡ್ತೀವಿ. ಇದನ್ನೇ ಅಡ್ವಾನ್ಸ್ ಅನ್ನೋದು.

ಉರಿದ ಭಾಗ ಹಿಗ್ಗಿ, ಇನ್ನೂ ಉರಿಯದ ಮೂಲೆಯ ಮಿಶ್ರಣವನ್ನ ಅದುಮುತ್ತೆ. ಅದುಮಿದಷ್ಟೂ ಬಿಸಿ. ಬೆಂಕಿ ತಲುಪೋ ಮೊದಲೇ ಆ ಮೂಲೆ ತಾನಾಗೇ ಹೊತ್ತಿಕೊಂಡ್ರೆ ಒತ್ತಡದ ಅಲೆ ಏಳುತ್ತೆ, ಸಿಲಿಂಡರ್ ಗೋಡೆ ಗಂಟೆ ಹೊಡೆದ ಹಾಗೆ ಕಂಪಿಸುತ್ತೆ. ಆ ಸದ್ದೇ ನಾಕಿಂಗ್. ಈ ಆಮ್ನಿಯ ಸಿಲಿಂಡರ್ ಅಗಲ 68.5 ಮಿ.ಮೀ. ಲೆಕ್ಕ ಹಾಕಿದ್ರೆ ಕಂಪನ ಸುಮಾರು 8 ಕಿಲೋಹರ್ಟ್ಸ್ ಬರುತ್ತೆ. ಅದಕ್ಕೇ ಅಷ್ಟು ತೆಳ್ಳಗೆ, ತಗಡಿನ ಡಬ್ಬಿಯಲ್ಲಿ ಕಾಳು ಅಲ್ಲಾಡಿಸಿದ ಹಾಗೆ ಕೇಳೋದು.

ಪಿಸ್ಟನ್ ಮೇಲೆ ಯಾವಾಗಲೂ ಒಂದು ತೆಳುವಾದ, ಅಷ್ಟು ಬಿಸಿಯಿಲ್ಲದ ಗಾಳಿಯ ಪದರ ಇರುತ್ತೆ. ಅಲ್ಯೂಮಿನಿಯಂ ಕರಗದೆ ಉಳಿಯೋದಕ್ಕೆ ಅದೂ ಒಂದು ಕಾರಣ. ನಾಕಿಂಗ್ ಅಲೆಗಳು ಆ ಪದರವನ್ನ ಒರೆಸಿ ಹಾಕ್ತವೆ. ಆಮೇಲೆ ಶಾಖ ನೇರ ಲೋಹಕ್ಕೆ. ಮೇಲಿಂದ ಏಟು, ಜೊತೆಗೆ ಬಿಸಿ. ರಿಂಗಿನ ದಂಡೆ ಎಷ್ಟು ದಿನ ತಡೆದೀತು?

ಈಗ ಮುಖ್ಯ ಪ್ರಶ್ನೆ: ಇದು ಗ್ಯಾರೇಜಲ್ಲಿ ಯಾಕೆ ಗೊತ್ತಾಗಲ್ಲ?

ಐಡ್ಲಿಂಗಲ್ಲಿ ಥ್ರಾಟಲ್ ಹೆಚ್ಚು ಕಡಿಮೆ ಮುಚ್ಚಿರುತ್ತೆ. ಒಳಗೆ ಹೋಗೋ ಮಿಶ್ರಣ ಕಡಿಮೆ, ಒತ್ತಡ ಕಡಿಮೆ, ಉರಿಯೋದೂ ನಿಧಾನ. ನಿಧಾನ ಉರಿಯೋ ಮಿಶ್ರಣಕ್ಕೆ ಹೆಚ್ಚು ಅಡ್ವಾನ್ಸ್ ಇಷ್ಟ. ಡಿಸ್ಟ್ರಿಬ್ಯೂಟರ್ ಮುಂದಕ್ಕೆ ತಿರುಗಿಸಿದ್ರೆ ಆರ್‌ಪಿಎಂ ಏರುತ್ತೆ, ಸದ್ದು ನಯವಾಗುತ್ತೆ. ಕಿವಿಗೆ "ಆಹಾ, ಸೆಟ್ ಆಯ್ತು" ಅನ್ನಿಸುತ್ತೆ. ಪೂರ್ತಿ ಲೋಡಲ್ಲಿ ಅದೇ ಎಂಜಿನ್‌ಗೆ ಬೇಕಾದ ಅಡ್ವಾನ್ಸ್ ಇದಕ್ಕಿಂತ ತುಂಬ ಕಡಿಮೆ.

ಅಂದ್ರೆ ಐಡ್ಲಿಂಗ್ ಚೆನ್ನಾಗಿ ಮಾಡೋಕೆ ಹೋದ ಕೈಯೇ ಘಾಟಲ್ಲಿ ಪಿಸ್ಟನ್ ಒಡೆಯೋ ಸಾಧ್ಯತೆ ಇದೆ.

5/10

"ಇದೆಲ್ಲ ನಿಮ್ಮ ತಲೆಯಲ್ಲಿ ಹುಟ್ಟಿದ್ದಾ?" ಅಂತ ಒಬ್ಬರು ಮೆಸೇಜ್ ಮಾಡಿದ್ರು. ಇಲ್ಲ ಸಾರ್. ಈ ಪಾಠ ಜಗತ್ತು ಕಲಿತು ತೊಂಬತ್ತು ವರ್ಷ ದಾಟಿದೆ.

ಪೆಟ್ರೋಲ್ ಎಷ್ಟರ ಮಟ್ಟಿಗೆ ನಾಕಿಂಗ್ ತಡೆಯುತ್ತೆ ಅಂತ ಹೇಳೋ ಸಂಖ್ಯೆಯೇ ಆಕ್ಟೇನ್. ಅದನ್ನ ಅಳೆಯೋಕೆ ಅಮೆರಿಕದಲ್ಲಿ 1920ರ ದಶಕದ ಕೊನೆಗೆ ಒಂದು ವಿಶೇಷ ಎಂಜಿನ್ ಮಾಡಿದ್ರು. ಒಂದೇ ಸಿಲಿಂಡರ್, ಓಡ್ತಾ ಇರೋವಾಗಲೇ ಕಂಪ್ರೆಷನ್ ಹೆಚ್ಚು ಕಡಿಮೆ ಮಾಡಬಹುದು. ಸಿಎಫ್‌ಆರ್ ಎಂಜಿನ್ ಅಂತ ಹೆಸರು. ಇವತ್ತಿಗೂ ಆಕ್ಟೇನ್ ಅಳೆಯೋದು ಅದೇ ಮಾದರಿಯ ಎಂಜಿನ್ನಲ್ಲಿ.

ಲ್ಯಾಬಲ್ಲಿ ಸಂಖ್ಯೆ ಬಂತು. ಆದರೆ ಅದು ರಸ್ತೆ ಮೇಲಿನ ಕಾರಿಗೆ ಸರಿಹೊಂದುತ್ತಾ? ಇದನ್ನ ನೋಡೋಕೆ 1932ರಲ್ಲಿ ಪೆನ್ಸಿಲ್ವೇನಿಯಾದ ಯೂನಿಯನ್‌ಟೌನ್ ಹತ್ತಿರದ ಗುಡ್ಡದ ರಸ್ತೆಯಲ್ಲಿ ಬೇರೆ ಬೇರೆ ಕಾರುಗಳಿಗೆ ಬೇರೆ ಬೇರೆ ಇಂಧನ ಹಾಕಿ ಹತ್ತಿಸಿದ್ರು. ಲ್ಯಾಬಲ್ಲಿ ಒಳ್ಳೇ ಅಂಕ ತಗೊಂಡ ಎಷ್ಟೋ ಇಂಧನಗಳು ಏರಿನಲ್ಲಿ ಅಷ್ಟು ಚೆನ್ನಾಗಿ ನಡ್ಕೊಳ್ಳಲಿಲ್ಲ.

ಆಗ ಅವರು ಮಾಡಿದ ಕೆಲಸ ನನಗೆ ಬಹಳ ಇಷ್ಟ. ಅಳೆಯೋ ವಿಧಾನವನ್ನೇ ರಸ್ತೆಗೆ ಹೊಂದೋ ಹಾಗೆ ಬದಲಾಯಿಸಿದ್ರು. ಎಂಜಿನ್ನಿನ ವೇಗ 600 ಆರ್‌ಪಿಎಂನಿಂದ 900ಕ್ಕೆ ಏರಿಸಿ, ಒಳಗೆ ಹೋಗೋ ಮಿಶ್ರಣವನ್ನ ಚೆನ್ನಾಗಿ ಬಿಸಿ ಮಾಡಿ ಅಳೆಯೋಕೆ ಶುರು ಮಾಡಿದ್ರು. ಇವತ್ತು ಆ ಬಿಸಿ 149 ಡಿಗ್ರಿ ಸೆಲ್ಸಿಯಸ್. ಆ ಸಂಖ್ಯೆಗೆ ಮೋಟಾರ್ ಆಕ್ಟೇನ್ ಅಂತಾರೆ. 600 ಆರ್‌ಪಿಎಂನಲ್ಲಿ ಬರೋದು ರಿಸರ್ಚ್ ಆಕ್ಟೇನ್. ನಮ್ಮ ಬಂಕುಗಳಲ್ಲಿ 91, 95 ಅಂತ ಹೇಳೋದು ಈ ಎರಡನೇದು. ಒಂದೇ ಪೆಟ್ರೋಲ್‌ಗೆ ಎರಡೂ ಅಳತೆ ಮಾಡಿದ್ರೆ ಮೋಟಾರ್ ಸಂಖ್ಯೆ ಸಾಮಾನ್ಯವಾಗಿ ಕೆಳಗಿರುತ್ತೆ.

ಹೊಗೆ ಪರೀಕ್ಷೆಯಲ್ಲೂ ಇದೇ ಕಥೆ. ರೋಲರ್ ಮೇಲೆ ಒಳ್ಳೇ ಫಲಿತಾಂಶ ಕೊಟ್ಟ ಕಾರುಗಳು ರಸ್ತೆಯಲ್ಲಿ ಬೇರೆಯೇ ಹೊಗೆ ಬಿಡ್ತಿದ್ವು. ಅದಕ್ಕೇ ನಮ್ಮ ದೇಶದಲ್ಲೂ 2023ರ ಏಪ್ರಿಲ್‌ನಿಂದ, ಬಿಎಸ್6 ಎರಡನೇ ಹಂತದಲ್ಲಿ, ಕಾರಿಗೇ ಯಂತ್ರ ಕಟ್ಟಿ ನಿಜವಾದ ರಸ್ತೆಯಲ್ಲಿ ಹೊಗೆ ಅಳೆಯೋ ನಿಯಮ ಬಂತು.

ಕಂಪನಿಗಳಿಗೇ ರಸ್ತೆ ಪರೀಕ್ಷೆ ತಪ್ಪಿಲ್ಲ. ನಮಗೆ ತಪ್ಪುತ್ತಾ?

6/10

ಈಗ ನಮ್ಮೂರಿನ ವಿಷಯಕ್ಕೆ ಬರ್ತೀನಿ. ಹಾಸನ, ಸಕಲೇಶಪುರ ಎರಡೂ ಸಮುದ್ರ ಮಟ್ಟದಿಂದ ಹೆಚ್ಚು ಕಡಿಮೆ 950 ಮೀಟರ್ ಎತ್ತರದಲ್ಲಿವೆ. ಗುಂಡ್ಯ ಇರೋದು ಇಲ್ಲಿಗಿಂತ ಸುಮಾರು 800 ಮೀಟರ್ ಕೆಳಗೆ. ಸಮುದ್ರ ಮಟ್ಟದಲ್ಲಿ ಗಾಳಿಯ ಒತ್ತಡ 101 ಕಿಲೋಪ್ಯಾಸ್ಕಲ್ ಇದ್ರೆ ನಮ್ಮಲ್ಲಿ ಸುಮಾರು 90.

ಇದರಿಂದ ಏನಾಗುತ್ತೆ? ನಮ್ಮ ವರ್ಕ್‌ಶಾಪಲ್ಲಿ ಎಂಜಿನ್ ಎಳ್ಕೊಳ್ಳೋ ಪ್ರತಿ ಉಸಿರಲ್ಲಿ ಗಾಳಿ ಕಡಿಮೆ. ಒತ್ತಡ ಕಡಿಮೆ, ನಾಕಿಂಗ್ ಭಯವೂ ಕಡಿಮೆ. ಅದೇ ಗಾಡಿ ಗುಂಡ್ಯಕ್ಕೆ ಇಳಿದಾಗ ಗಾಳಿ ಗಟ್ಟಿಯಾಗುತ್ತೆ. ಕಾರ್ಬೊರೇಟರ್‌ಗೆ ಇದು ಗೊತ್ತಾಗಲ್ಲ. ಗಾಳಿ ಜಾಸ್ತಿ ಆದಷ್ಟೇ ಪ್ರಮಾಣದಲ್ಲಿ ಪೆಟ್ರೋಲ್ ಜಾಸ್ತಿ ಕೊಡೋ ಬುದ್ಧಿ ಅದಕ್ಕಿಲ್ಲ. ಮಿಶ್ರಣ ಸುಮಾರು 4% ತೆಳುವಾಗುತ್ತೆ. ಜೊತೆಗೆ ಘಟ್ಟದ ಕೆಳಗಿನ ಸೆಕೆ. ಅಲ್ಲಿಂದಲೇ ಏರು ಶುರು.

ಅಂದ್ರೆ ಹಾಸನದಲ್ಲಿ ಸೆಟ್ ಮಾಡಿದ ಎಂಜಿನ್‌ಗೆ ಅತಿ ಕಷ್ಟದ ಜಾಗ ಘಾಟಿನ ತುದಿ ಅಂತ ನೀವು ಅಂದ್ಕೊಂಡ್ರೆ ಅದು ಹಾಗಲ್ಲ. ಕಷ್ಟ ಇರೋದು ಘಾಟಿನ ಬುಡದಲ್ಲಿ. ಗಟ್ಟಿ ಗಾಳಿ, ಬಿಸಿ ಗಾಳಿ, ಪೂರ್ತಿ ಲೋಡು, ಮೂರೂ ಒಟ್ಟಿಗೆ ಸಿಗೋದು ಅಲ್ಲೇ.

ಇದರ ಮೇಲೆ ಇನ್ನೊಂದು. ಈಗ ಬಂಕಲ್ಲಿ ಸಿಗೋದು ಇ20, ಅಂದ್ರೆ 20% ಎಥನಾಲ್. ಶುದ್ಧ ಪೆಟ್ರೋಲ್ ಒಂದು ಕೆಜಿ ಪೂರ್ತಿ ಉರಿಯೋಕೆ 14.7 ಕೆಜಿ ಗಾಳಿ ಬೇಕು. ಎಥನಾಲ್‌ಗೆ 9 ಸಾಕು. ಇ20ಗೆ ಲೆಕ್ಕ ಹಾಕಿದ್ರೆ ಸುಮಾರು 13.5. ಹಳೇ ಜೆಟ್ಟು ಹಳೇ ಪೆಟ್ರೋಲ್ ಲೆಕ್ಕದಲ್ಲೇ ಕೊಡ್ತಾ ಹೋದ್ರೆ ಮಿಶ್ರಣ ಸುಮಾರು 8% ತೆಳು. ಎಥನಾಲ್‌ಗೆ ನಾಕಿಂಗ್ ತಡೆಯೋ ಗುಣ ಚೆನ್ನಾಗಿದೆ, ಅದು ನಿಜ. ಹಾಗಂತ ತೆಳು ಮಿಶ್ರಣದಲ್ಲಿ ಪೂರ್ತಿ ಲೋಡ್ ಎಳೆಸಿದ್ರೆ ಒಳಗಿನ ಬಿಸಿ ಸುಮ್ನೆ ಬಿಡಲ್ಲ.

ಈಗ ಅಣ್ಣನ ಆಮ್ನಿಯ ಲೆಕ್ಕ ಕೂಡಿಸಿ. ಇ20ಯಿಂದ ತೆಳು. ಗುಂಡ್ಯದಲ್ಲಿ ಇನ್ನಷ್ಟು ತೆಳು. "ಮೈಲೇಜ್" ಜೆಟ್‌ನಿಂದ ಮತ್ತಷ್ಟು. ಟೈಮಿಂಗ್ ಬೇರೆ ಮುಂದೆ. ಒಂದೊಂದನ್ನೇ ಆಗಿದ್ರೆ ಎಂಜಿನ್ ಸಹಿಸ್ಕೊಳ್ತಿತ್ತೇನೋ. ನಾಲ್ಕೂ ಒಟ್ಟಿಗೆ ಬಂದ್ವು.

7/10

ಎಂಜಿನ್ ಕೂರಿಸಿ ಕೊಟ್ಟಾಗ ಅಣ್ಣ ಕೇಳಿದ್ದು ಇದೇ: "ಈಗ ಟ್ಯೂನ್ ಮಾಡ್ಬಿಡಿ ಮೇಸ್ತ್ರಿ."

"ಈಗ ಬೇಡ ಅಣ್ಣ. ಬೋರ್ ಮಾಡಿಸಿದ ಎಂಜಿನ್ನು, ಸಾವಿರ ಕಿಲೋಮೀಟರ್ ಮೆಲ್ಲಗೆ ಓಡಿಸ್ಕೊಂಡು ಬನ್ನಿ. ಘಾಟಿಗೆ ಹೋಗ್ಬೇಡಿ. ಆಮೇಲೆ ಒಂದು ದಿನ ಪೂರ್ತಿ ಗಾಡಿ ನಮಗೆ ಕೊಡಿ."

ಅಲ್ಲಿವರೆಗೆ ಕಂಪನಿ ಹೇಳಿದ ಟೈಮಿಂಗು, ಕಂಪನಿ ಸೈಜಿನ ಜೆಟ್ಟು. ಹೊಸದಾಗಿ ಏನೂ ಪ್ರಯೋಗ ಇಲ್ಲ.

ಆ ದಿನಕ್ಕೆ ನಾವು ಮಾಡ್ಕೊಂಡ ತಯಾರಿ ಎರಡನೇ ಫೋಟೋದಲ್ಲಿದೆ.

ಮೊದಲು ಗಾಡಿಯ ಆರೋಗ್ಯ. ಟ್ಯಾಪೆಟ್ ಗ್ಯಾಪ್, ಪ್ಲಗ್ ಗ್ಯಾಪ್, ಏರ್ ಫಿಲ್ಟರ್, ಫ್ಯುಯೆಲ್ ಫಿಲ್ಟರ್, ಮ್ಯಾನಿಫೋಲ್ಡಲ್ಲಿ ಗಾಳಿ ಸೋರಿಕೆ, ಡಿಸ್ಟ್ರಿಬ್ಯೂಟರಿನ ವ್ಯಾಕ್ಯೂಮ್ ಡಯಾಫ್ರಂ. ಇವು ಸರಿ ಇಲ್ಲದೆ ಟ್ಯೂನ್ ಮಾಡಿದ್ರೆ ಕಾಯಿಲೆಗೇ ಟ್ಯೂನ್ ಮಾಡಿದ ಹಾಗೆ.

ಎರಡನೇದು, ಸೈಲೆನ್ಸರ್ ಪೈಪಿಗೆ ವೈಡ್‌ಬ್ಯಾಂಡ್ ಸೆನ್ಸರ್. ಮಿಶ್ರಣ ತೆಳುವಾ ದಪ್ಪವಾ ಅಂತ ಓಡ್ತಿರೋವಾಗಲೇ ಹೇಳುತ್ತೆ. ಮೀಟರಲ್ಲಿ 14.7 ಅಂತ ಓದೋ ಬದಲು ಲ್ಯಾಂಬ್ಡಾ ಓದಿ. ಲ್ಯಾಂಬ್ಡಾ 1 ಅಂದ್ರೆ ಆ ಇಂಧನಕ್ಕೆ ಬೇಕಾದಷ್ಟೇ ಗಾಳಿ, ಅದು ಇ20 ಆಗಲಿ ಶುದ್ಧ ಪೆಟ್ರೋಲ್ ಆಗಲಿ. 1ಕ್ಕಿಂತ ಮೇಲೆ ತೆಳು, ಕೆಳಗೆ ದಪ್ಪ.

ಮೂರನೇದು, ನಾಕಿಂಗ್ ಕೇಳೋ ಕಿವಿ. ತಾಮ್ರದ ಪೈಪಿನ ತುದಿ ಚಪ್ಪಟೆ ಮಾಡಿ ಬ್ಲಾಕಿಗೆ ಬೋಲ್ಟ್ ಹಾಕಿ, ಇನ್ನೊಂದು ತುದಿಗೆ ರಬ್ಬರ್ ಹೋಸ್, ಅದನ್ನ ಕಾರ್ಖಾನೆಯವರು ಹಾಕೋ ಇಯರ್‌ಮಫ್‌ಗೆ ಸೇರಿಸಿದ್ದೀವಿ. ಡಾಕ್ಟರ ಸ್ಟೆತಸ್ಕೋಪ್ ಇದ್ದ ಹಾಗೆ. ಹಾಕ್ಕೊಳ್ಳೋದು ಪಕ್ಕದ ಸೀಟಿನವರು, ಡ್ರೈವರ್ ಅಲ್ಲ.

ನಾಲ್ಕನೇದು ಲೋಡು. ಐವತ್ತು ಕೆಜಿಯ ಏಳು ಮರಳು ಚೀಲ. ಜನರನ್ನ ಕೂರಿಸಿ ಪ್ರಯೋಗ ಮಾಡೋದು ತಪ್ಪು. ಚೀಲ ಜಾರದ ಹಾಗೆ ಬೆಲ್ಟ್ ಹಾಕಿ ಕಟ್ಟಿದ್ವಿ.

ಅಣ್ಣ ನಗ್ತಾ ಹೇಳಿದ್ರು: "ಏಳು ಜನಾನೂ ಬಾಡಿಗೆ ಕೊಡಲ್ಲ ಇವತ್ತು."

8/10

ಬೆಳಿಗ್ಗೆ ಬೇಗ ಹೊರಟ್ವಿ, ಟ್ರಾಫಿಕ್ ಕಡಿಮೆ ಇರೋವಾಗ. ಡ್ರೈವಿಂಗ್ ಅಣ್ಣನದ್ದೇ, ಯಾಕಂದ್ರೆ ಟ್ಯೂನ್ ಆಗಬೇಕಾದ್ದು ಅವರ ಕಾಲಿಗೆ. ನಮ್ಮ ಹುಡುಗ ಪಕ್ಕದಲ್ಲಿ ಇಯರ್‌ಮಫ್ ಹಾಕ್ಕೊಂಡು, ನಾನು ಹಿಂದೆ ಚೀಲಗಳ ನಡುವೆ ಮೀಟರ್ ಹಿಡ್ಕೊಂಡು.

ಗುಂಡ್ಯಕ್ಕೆ ಇಳಿದು, ಟೀ ಕುಡಿದು, ಏರು ಶುರು. ಮೂರನೇ ಗೇರ್, 40ರ ಆಸುಪಾಸು. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಲ್ಯಾಂಬ್ಡಾ 0.98. ಕಂಪನಿ ಜೆಟ್ ಇದ್ದೂ ಇಷ್ಟು ತೆಳು. ಪೂರ್ತಿ ಲೋಡಲ್ಲಿ ಇಂಥ ಎಂಜಿನ್‌ಗೆ 0.90ರ ಹತ್ತಿರ ಇದ್ರೆ ನಮಗೆ ಸಮಾಧಾನ. ಹುಡುಗ ಕೈ ಎತ್ತಿದ: ಆಗೊಮ್ಮೆ ಈಗೊಮ್ಮೆ ಸದ್ದು ಇದೆ. ಅಣ್ಣ ಕಾಲು ಸಡಿಲ ಬಿಟ್ರು. ಜಾಗ ಇದ್ದ ಕಡೆ ಪಕ್ಕಕ್ಕೆ ಹಾಕಿದ್ವಿ.

ಮೇನ್ ಜೆಟ್ ಒಂದು ಸೈಜ್ ದೊಡ್ಡದು. ಇನ್ನೊಂದು ಸಲ ಇಳಿದು ಹತ್ತಿದ್ವಿ. 0.93. ಇನ್ನೊಂದು ಸೈಜ್. 0.90. ಸದ್ದು ಕಡಿಮೆ ಆಯ್ತು, ಪೂರ್ತಿ ಹೋಗಲಿಲ್ಲ. ಆಮೇಲೆ ಟೈಮಿಂಗ್ ಎರಡು ಡಿಗ್ರಿ ಹಿಂದಕ್ಕೆ. ಮೂರನೇ ಗೇರಲ್ಲಿ ಸದ್ದಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿಯೊಂದೂ ನೋಟ್‌ಬುಕ್ಕಲ್ಲಿ. ಎರಡನ್ನ ಒಟ್ಟಿಗೆ ಬದಲಾಯಿಸಿದ್ರೆ ಯಾವುದರಿಂದ ಏನಾಯ್ತು ಅಂತ ಗೊತ್ತಾಗಲ್ಲ.

"ಈಗ ನಾಲ್ಕರಲ್ಲೇ ಎಳೆಸಿ ಅಣ್ಣ, ನೀವು ದಿನಾ ಮಾಡೋ ಹಾಗೆ."

ಅಣ್ಣ ಕನ್ನಡಿಯಲ್ಲಿ ನನ್ನ ನೋಡಿದ್ರು. ಗೊತ್ತಾಗಿದೆ ಇವರಿಗೆ ಅನ್ನೋ ನೋಟ. ಎಳೆಸಿದ್ರು, ಸಣ್ಣ ಸದ್ದು ಬಂತು. ಇನ್ನೊಂದು ಡಿಗ್ರಿ ಹಿಂದಕ್ಕೆ.

ಮಧ್ಯಾಹ್ನ, ಬಿಸಿಲು ಏರಿದ ಮೇಲೆ, ಅದೇ ಸೆಟ್ಟಿಂಗಲ್ಲಿ ಬುಡದಿಂದ ತುದಿವರೆಗೆ ನಿಲ್ಲಿಸದೆ ಒಂದು ಸಲ. ಟೆಂಪರೇಚರ್ ಮುಳ್ಳು ಅಲ್ಲಾಡಲಿಲ್ಲ. ಮೇಲೆ ಪಕ್ಕಕ್ಕೆ ಹಾಕಿ, ಐಡ್ಲಿಂಗಲ್ಲಿ ಬಿಡದೆ ಆಫ್ ಮಾಡಿ, ಸ್ವಲ್ಪ ಆರಿದ ಮೇಲೆ ಪ್ಲಗ್ ಬಿಚ್ಚಿ ನೋಡಿದ್ವಿ. ಮೂರಕ್ಕೂ ಒಂದೇ ಬಣ್ಣ.

ಈಗ ಸಮತಟ್ಟಲ್ಲಿ ಅವರ ಮೈಲೇಜ್ "ಮೈಲೇಜ್ ಟ್ಯೂನ್" ಕಾಲಕ್ಕಿಂತ ಚೂರು ಕಡಿಮೆ. ಐಡ್ಲಿಂಗೂ ಅಷ್ಟು ನಯ ಇಲ್ಲ. ಎರಡನ್ನೂ ಮೊದಲೇ ಹೇಳಿದ್ದೆ.

"ಲೀಟರಿಗೆ ಅರ್ಧ ಕಿಲೋಮೀಟರ್ ಹೋದ್ರೆ ಹೋಗ್ಲಿ ಮೇಸ್ತ್ರಿ. ಸಂಘದ ಕಂತು ಕಟ್ಟೋಕೆ ಗಾಡಿ ಓಡ್ಬೇಕಲ್ಲ."

9/10

"ನಮ್ಮದು ಹೊಸ ಕಾರು, ಇಸಿಯು ಇದೆ, ನಾಕ್ ಸೆನ್ಸರ್ ಇದೆ. ನಮಗೇನು?" ಅನ್ನೋರಿಗೆ ಈ ಪೋಸ್ಟ್.

ಕಂಪನಿ ಸೆಟ್ಟಿಂಗಲ್ಲೇ ಓಡಿಸ್ತಿದ್ರೆ ಬಹುಮಟ್ಟಿಗೆ ನಿಶ್ಚಿಂತೆ. ನಾಕಿಂಗ್ ಕೇಳಿದ ಕೂಡಲೇ ಇಸಿಯು ತಾನೇ ಟೈಮಿಂಗ್ ಹಿಂದಕ್ಕೆ ತಗೊಳ್ಳುತ್ತೆ. ರೀಮ್ಯಾಪ್ ಮಾಡಿಸೋಕೆ ಹೊರಟಿದ್ರೆ ಮಾತ್ರ ಓದಿ. ವಾರಂಟಿ, ಹೊಗೆ ನಿಯಮ ಇವನ್ನೂ ಮೊದಲು ಯೋಚಿಸಿ.

ಇಸಿಯು ಒಳಗೆ ಟೈಮಿಂಗ್ ಒಂದು ದೊಡ್ಡ ಕೋಷ್ಟಕ. ಅಡ್ಡಕ್ಕೆ ಆರ್‌ಪಿಎಂ, ಉದ್ದಕ್ಕೆ ಲೋಡ್. ಪ್ರತಿ ಮನೆಯಲ್ಲೂ ಒಂದು ಸಂಖ್ಯೆ. ಚೌಕಾಬಾರ ಮನೆ ಥರ ಅಂತ ಅಂದ್ಕೊಳ್ಳಿ. ಐಡ್ಲಿಂಗಲ್ಲಿ ಎಂಜಿನ್ ಒಂದು ಮೂಲೆಯ ಎರಡು ಮೂರು ಮನೆಯಲ್ಲಿ ಕೂತಿರುತ್ತೆ. ಡೈನೋ ಮೇಲೆ ಪೂರ್ತಿ ಥ್ರಾಟಲ್ ಕೊಟ್ಟು ಒಂದು ರನ್ ಹೊಡೆದ್ರೆ ಮೇಲಿನ ಒಂದು ಸಾಲು ಮಾತ್ರ ದಾಟುತ್ತೆ, ಅದೂ ಕೆಲವೇ ಸೆಕೆಂಡಲ್ಲಿ. ತುಂಬಿದ ಕಾರು ಘಾಟ್ ಹತ್ತೋವಾಗ ಓಡಾಡೋದು ಮಧ್ಯದಿಂದ ಮೇಲಿನ ಮನೆಗಳಲ್ಲಿ, ಹತ್ತು ಹದಿನೈದು ನಿಮಿಷ. ಆ ಮನೆಗಳನ್ನ ಯಾರು ನೋಡಿದ್ರು?

ಡೈನೋ ಕೆಟ್ಟದ್ದು ಅಂತ ಹೇಳ್ತಿಲ್ಲ. ಬ್ರೇಕ್ ಇರೋ ಡೈನೋ ಆದ್ರೆ ಒಂದೊಂದು ಮನೆಯಲ್ಲೂ ಎಂಜಿನ್ನನ್ನ ಹಿಡಿದು ನಿಲ್ಲಿಸಿ ಅಳೆಯಬಹುದು. ಅದು ರಸ್ತೆಗಿಂತ ಸುರಕ್ಷಿತ, ಹೆಚ್ಚು ನಿಖರ. ಬರೀ ಭಾರದ ಉರುಳೆ ತಿರುಗಿಸೋ ಡೈನೋದಲ್ಲಿ ಹೀಗೆ ಹಿಡಿದು ನಿಲ್ಲಿಸೋಕೆ ಬರಲ್ಲ. ನಿಮ್ಮ ಟ್ಯೂನರ್ ಹತ್ರ ಯಾವುದಿದೆ ಅಂತ ಕೇಳಿ. ಮುಂದೆ ಇಟ್ಟಿರೋ ಫ್ಯಾನ್ ನಿಜವಾದ ಗಾಳಿಯಷ್ಟು ತಂಪು ಕೊಡುತ್ತಾ ಅಂತಲೂ ನೋಡಿ.

ಡೈನೋ ಶೀಟಿನ ಸಂಖ್ಯೆಗೂ ಒಂದು ಗುಟ್ಟಿದೆ. ಬೆಂಗಳೂರು ಇರೋದೂ 900 ಮೀಟರ್ ಮೇಲೆ. ತೆಳು ಗಾಳಿಗೆ ಅಂತ ತಿದ್ದುಪಡಿ ಹಾಕಿ ಶೀಟಲ್ಲಿ ಸಂಖ್ಯೆ ಏರಿಸ್ತಾರೆ. ಟರ್ಬೋ ಇಲ್ಲದ ಕಾರಿಗೆ ಅದು ನ್ಯಾಯ. ಟರ್ಬೋ ಕಾರು ಗಾಳಿಯ ಕೊರತೆಯನ್ನ ತಾನೇ ಬಹಳಷ್ಟು ತುಂಬ್ಕೊಳ್ಳುತ್ತೆ. ಅದಕ್ಕೂ ಅದೇ ತಿದ್ದುಪಡಿ ಹಾಕಿದ್ರೆ ಇಲ್ಲದ ಹಾರ್ಸ್‌ಪವರ್ ಕಾಗದದ ಮೇಲೆ ಹುಟ್ಟುತ್ತೆ.

ಡೈನೋದಲ್ಲಿ ಮುಗಿಸಿದ ಮೇಲೂ ನಾವು ಲಾಗರ್ ಹಾಕಿ ಒಂದು ಘಾಟ್ ಹತ್ತಿಸ್ತೀವಿ. ಲ್ಯಾಂಬ್ಡಾ, ಒಳಗೆ ಹೋಗೋ ಗಾಳಿಯ ಬಿಸಿ, ನಾಕಿಂಗಿಗೆ ಇಸಿಯು ಎಷ್ಟು ಡಿಗ್ರಿ ಹಿಂದೆ ಸರೀತು. ಈ ಮೂರು ಗೆರೆ ನೋಡದೆ ಕೀ ವಾಪಸ್ ಕೊಡಲ್ಲ.

10/10

ಕೊನೇ ಪೋಸ್ಟ್. ಇದನ್ನ ಸೇವ್ ಮಾಡ್ಕೊಳ್ಳಿ. ಗ್ಯಾರೇಜಿಗೆ ಹೋಗೋವಾಗ ತೆಗೆದು ನೋಡಿ.

◾ ಗಾಡಿ ಕೊಡೋವಾಗ ಕಾಯಿಲೆ ಮಾತ್ರ ಹೇಳ್ಬೇಡಿ, ಬದುಕನ್ನೂ ಹೇಳಿ. ಎಷ್ಟು ಜನ ಕೂರ್ತಾರೆ, ಯಾವ ಘಾಟ್, ವಾರಕ್ಕೆ ಎಷ್ಟು ಸಲ, ಯಾವ ಗೇರಲ್ಲಿ ಹತ್ತಿಸ್ತೀರ. ಒಳ್ಳೇ ಮೇಸ್ತ್ರಿಗೆ ಇದು ಅರ್ಧ ಕೆಲಸ ಮುಗಿಸಿದ ಹಾಗೆ.

◾ "ಟ್ಯೂನ್ ಆದ ಮೇಲೆ ಲೋಡಲ್ಲಿ ಹೇಗೆ ಚೆಕ್ ಮಾಡ್ತೀರ?" ಅಂತ ಕೇಳಿ. ಐಡ್ಲಿಂಗ್ ಕೇಳಿಸಿ ಕಳಿಸೋದೇ ಉತ್ತರ ಆದ್ರೆ ಇನ್ನೊಂದು ಜಾಗ ನೋಡಿ.

◾ ಹಳೇ ಗಾಡಿ ಇದ್ರೆ ತುಂಬಿದ ಲೋಡಲ್ಲಿ, ಏರಿನಲ್ಲಿ, ಕಿಟಕಿ ಇಳಿಸಿ ಕಿವಿ ಕೊಡಿ. ಪಕ್ಕದಲ್ಲಿ ಗೋಡೆಯೋ ಬಂಡೆಯೋ ಇದ್ರೆ ಸದ್ದು ವಾಪಸ್ ಬರುತ್ತೆ, ಚೆನ್ನಾಗಿ ಕೇಳುತ್ತೆ. ಕಾಳು ಅಲ್ಲಾಡಿಸಿದ ಸದ್ದು ಕೇಳಿದ್ರೆ ಆಕ್ಸಿಲರೇಟರ್ ಬಿಡಿ, ಒಂದು ಗೇರ್ ಇಳಿಸಿ, ಆದಷ್ಟು ಬೇಗ ತೋರಿಸಿ. ಟ್ಯಾಪೆಟ್ ಸದ್ದು ಐಡ್ಲಿಂಗಲ್ಲೂ ಇರುತ್ತೆ. ನಾಕಿಂಗ್ ಲೋಡ್ ಬಿದ್ದಾಗ ಬಂದು, ಕಾಲು ತೆಗೆದಾಗ ಹೋಗುತ್ತೆ. ಈ ವ್ಯತ್ಯಾಸ ಗೊತ್ತಿದ್ದಿದ್ರೆ ಆ ಎರಡು ಪಿಸ್ಟನ್ ಉಳೀತಿದ್ವು.

◾ ಮೈಲೇಜ್ ಅಳೆಯೋದು ಫುಲ್ ಟ್ಯಾಂಕಿನಿಂದ ಫುಲ್ ಟ್ಯಾಂಕಿಗೆ, ನಿಮ್ಮ ದಿನದ ದಾರಿಯಲ್ಲಿ, ನಿಮ್ಮ ದಿನದ ಭಾರದಲ್ಲಿ. ಬೇರೆಯವರ ಸಂಖ್ಯೆ ನಿಮಗೆ ಬೇಡ.

◾ ಪರೀಕ್ಷೆ ಹೆಸರಲ್ಲಿ ರಸ್ತೆಯಲ್ಲಿ ಸ್ಪೀಡ್ ಹೊಡೀಬೇಡಿ. ಮೂರನೇ ಪೋಸ್ಟಿನ ಲೆಕ್ಕ ನೆನಪಿದೆಯಲ್ಲ? ಏರಿನಲ್ಲಿ 40ರಲ್ಲೇ ಬೇಕಾದಷ್ಟು ಲೋಡ್ ಸಿಗುತ್ತೆ. ಡ್ರೈವರ್ ಕಣ್ಣು ರಸ್ತೆ ಮೇಲೆ, ಮೀಟರ್ ನೋಡೋಕೆ ಇನ್ನೊಬ್ಬರು.

◾ ಒಂದು ದಿನದ ಕೆಲಸಕ್ಕೆ ಒಂದು ದಿನದ ಕೂಲಿ ಆಗುತ್ತೆ. ಅರ್ಧ ಗಂಟೆಯಲ್ಲಿ ಐಡ್ಲಿಂಗ್ ಸೆಟ್ ಮಾಡಿ ಕಳಿಸೋರಿಗಿಂತ ಜಾಸ್ತಿ ಕೇಳ್ತಾರೆ, ನಾವೂ ಕೇಳ್ತೀವಿ. ಒಂದು ಬೋರಿಂಗ್ ಬಿಲ್ ಜೊತೆ ಹೋಲಿಸಿ ನೋಡಿ, ಆಮೇಲೆ ಚೌಕಾಸಿ ಮಾಡಿ.

ಮಡಿಕೇರಿ, ಚಾರ್ಮಾಡಿ, ಆಗುಂಬೆ, ದೇವಿಮನೆ ಕಡೆ ದಿನಾ ಓಡಾಡೋರು ಇದ್ದೀರ ಅಂತ ಗೊತ್ತು. ನಿಮ್ಮ ಗಾಡಿ ಯಾವ ತಿರುವಲ್ಲಿ ಉಸಿರು ಬಿಡುತ್ತೆ, ಎಷ್ಟು ಜನ ಇದ್ದಾಗ, ಯಾವ ಗೇರಲ್ಲಿ? ಬರೀರಿ. ನನಗೆ ಗೊತ್ತಿರೋದು ಶಿರಾಡಿ, ಮಿಕ್ಕ ಘಾಟ್‌ಗಳ ಬಗ್ಗೆ ನಿಮ್ಮಿಂದ ಕೇಳ್ಬೇಕು.

#ಲೋಡ್‌ಹಾಕಿಟ್ಯೂನ್‌ಮಾಡಿ #ಶಿರಾಡಿಘಾಟ್ #ಹಾಸನ #ಎಂಜಿನ್‌ಟ್ಯೂನಿಂಗ್ #ಕನ್ನಡ